ಟರ್ಬಿಡ್, ಟರ್ಜಿಡ್: ಒಂದು ಕದಡಿದ್ದು, ಇನ್ನೊಂದು ಉಬ್ಬಿದ್ದು

ಇಂಗ್ಲಿಷ್‌ನ ಈ ಎರಡು ಪದಗಳ ಸ್ಪೆಲ್ಲಿಂಗ್‌ನಲ್ಲಿ ಒಂದೇ ಅಕ್ಷರ ಬೇರೆ. ಒಂದರ ನಡುವೆ ಬಿ, ಇನ್ನೊಂದರ ನಡುವೆ ಜಿ. ನಾನೂ ತುಂಬಾ ದಿನ ಅದಲುಬದಲು ಮಾಡುತ್ತಿದ್ದೆ. ಬೇರು ನೋಡಿದ ಮೇಲೆ ಗೊಂದಲ ಹೋಯಿತು.

ಟರ್ಬಿಡ್ ಅಂದರೆ ಕದಡಿದ, ಬಗ್ಗಡವಾದ. ಹೊಸ ಮಳೆಗೆ ಕೆರೆಗೆ ಕೆಂಪು ನೀರು ಬರುತ್ತದಲ್ಲ, ಅದು. ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಆಚೆ ಬದಿ ಮಸುಕು. ನೀರಲ್ಲಿ ತೇಲುವ ಮಣ್ಣಿನ ಕಣಗಳು ಬೆಳಕನ್ನು ಚದುರಿಸುತ್ತವೆ. ಬಣ್ಣ ಇದ್ದ ಮಾತ್ರಕ್ಕೆ ಟರ್ಬಿಡ್ ಅಲ್ಲ, ಇದು ನೆನಪಿರಲಿ. ಸೋಸಿದ ಬ್ಲ್ಯಾಕ್ ಟೀಗೆ ಗಾಢ ಬಣ್ಣ ಇದೆ, ಆದರೂ ತಿಳಿಯಾಗಿರುತ್ತದೆ. ಲ್ಯಾಟಿನ್‌ನಲ್ಲಿ 'ಟುರ್ಬಾ' ಅಂದರೆ ಗದ್ದಲ, ಜನಜಂಗುಳಿ. ಡಿಸ್ಟರ್ಬ್, ಟ್ರಬಲ್ ಕೂಡ ಅದೇ ಮನೆಯವು. ನೀರಿನ ಪರೀಕ್ಷೆಯ ವರದಿಯಲ್ಲಿ 'ಟರ್ಬಿಡಿಟಿ' ಅಂತ ಒಂದು ಸಾಲು ಇರುತ್ತದೆ. ಅದನ್ನು ಅಳೆಯುವ ಏಕಮಾನ ಎನ್‌ಟಿಯು. ನಮ್ಮ ಐಎಸ್ 10500 ಮಾನದಂಡದಲ್ಲಿ ಕುಡಿಯುವ ನೀರಿಗೆ ಇದು 1 ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 5ರವರೆಗೆ ಒಪ್ಪುತ್ತಾರೆ.

ಟರ್ಜಿಡ್ ಅಂದರೆ ಒಳಗಿಂದ ತುಂಬಿ ಬಿಗಿಯಾದ, ಉಬ್ಬಿದ. ಬಾಡಿದ ಕೊತ್ತಂಬರಿ ಕಟ್ಟಿನ ಬುಡವನ್ನು ನೀರಲ್ಲಿ ಇಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಜೋತುಬಿದ್ದ ಎಲೆ ಎದ್ದು ನಿಲ್ಲುತ್ತದೆ. ಜೀವಕೋಶಗಳು ನೀರು ಹೀರಿ ತಮ್ಮ ಗೋಡೆಯನ್ನು ಒಳಗಿಂದ ಒತ್ತುತ್ತವೆ. ಈ ಒತ್ತಡಕ್ಕೆ ಬಯಾಲಜಿಯಲ್ಲಿ 'ಟರ್ಗರ್' ಒತ್ತಡ ಅನ್ನುತ್ತಾರೆ. ಟರ್ಜಿಡ್, ಟರ್ಗರ್ ಎರಡಕ್ಕೂ ಬೇರು ಒಂದೇ, ಲ್ಯಾಟಿನ್‌ನ 'ಊದಿಕೊಳ್ಳು' ಅನ್ನುವ ಕ್ರಿಯಾಪದ. ಉಚ್ಚಾರ ಮಾತ್ರ ಬೇರೆ: ಜಿ ಅಕ್ಷರದ ಮುಂದೆ ಐ ಬಂದರೆ ಟರ್ಜಿಡ್, ಓ ಬಂದರೆ ಟರ್ಗರ್.

ನಿಜವಾದ ತೊಡಕು ಬರವಣಿಗೆಯ ವಿಷಯಕ್ಕೆ ಬಂದಾಗ. ಅಲ್ಲಿ ಎರಡೂ ಪದ ಹೊಂದುತ್ತವೆ, ಅರ್ಥ ಬೇರೆ. 'ಮಳೆ ಬಂತು' ಅನ್ನಲು 'ವರುಣನ ಕೃಪಾಕಟಾಕ್ಷದಿಂದ ವಸುಂಧರೆ ಅಭಿಷಿಕ್ತಳಾದಳು' ಎಂದು ಬರೆದರೆ ಅದು ಟರ್ಜಿಡ್. ಮಾತು ಊದಿಕೊಂಡಿದೆ, ಆದರೆ ಅರ್ಥ ಆಗುತ್ತದೆ. ಯಾರು ಯಾರಿಗೆ ಏನು ಮಾಡಿದರು ಅಂತಲೇ ತಿಳಿಯದ ಹಾಗೆ ವಿಚಾರ ಕಲಸಿಹೋಗಿದ್ದರೆ ಅದು ಟರ್ಬಿಡ್. ಪರೀಕ್ಷೆಯಲ್ಲಿ ಬಿಟ್ಟ ಸ್ಥಳದ ಪಕ್ಕದಲ್ಲಿ ನದಿ ಇದ್ದರೆ ಟರ್ಬಿಡ್, ಸಸ್ಯಕೋಶ ಇದ್ದರೆ ಟರ್ಜಿಡ್, ಯೋಚನೆಯೇ ಬೇಡ. 'ಪ್ರೋಸ್' (ಗದ್ಯ) ಅಂತ ಇದ್ದರೆ ಮಾತ್ರ ವಾಕ್ಯ ಪೂರ್ತಿ ಓದಿ, ದೂರು ಆಡಂಬರದ ಮೇಲೋ ಗೊಂದಲದ ಮೇಲೋ ನೋಡಿ.

ನಾನು ನೆನಪಿಟ್ಟುಕೊಂಡಿರುವುದು ಇಷ್ಟೇ: ಟರ್ಬಿಡ್‌ನ 'ಬ', ಬಗ್ಗಡದ 'ಬ'.