ವೆಚ್ಚ-ಲಾಭ ವಿಶ್ಲೇಷಣೆ: ಪರಿಸರ ನಿಯಮಗಳ ಹಿಂದಿನ ಲೆಕ್ಕ

ಒಂದು ನಿಯಮ ತಂದರೆ ಇಡೀ ಸಮಾಜಕ್ಕೆ ಬೀಳುವ ಖರ್ಚೆಷ್ಟು, ಆಗುವ ಲಾಭವೆಷ್ಟು? ಎರಡನ್ನೂ ಆದಷ್ಟು ಮಟ್ಟಿಗೆ ಹಣದಲ್ಲಿ ಅಳೆದು ಹೋಲಿಸುವುದೇ ವೆಚ್ಚ-ಲಾಭ ವಿಶ್ಲೇಷಣೆ. ಕಂಪನಿಯ ಲಾಭ-ನಷ್ಟದ ಲೆಕ್ಕ ಬೇರೆ, ಇದು ಬೇರೆ. ತಪ್ಪಿದ ಕಾಯಿಲೆ, ಉಳಿದ ಜೀವ, ಕೆಡದೆ ಉಳಿದ ನೀರು ಎಲ್ಲವೂ ಇಲ್ಲಿ ಲಾಭದ ಕಡೆ ಬರುತ್ತವೆ. ಅಮೆರಿಕದಲ್ಲಿ 1936ರ ಪ್ರವಾಹ ನಿಯಂತ್ರಣ ಕಾಯ್ದೆಯಲ್ಲೇ ಈ ಯೋಚನೆ ಇತ್ತು.

ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಕಥೆ ನೋಡಿ. 1985ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗ್ಯಾಲನ್‌ಗೆ 1.1 ಗ್ರಾಂ ಇದ್ದ ಮಿತಿಯನ್ನು 1986ರ ಜನವರಿಯಿಂದ 0.1 ಗ್ರಾಂಗೆ ಇಳಿಸಲು ತೀರ್ಮಾನಿಸಿತು. ತೈಲ ಸಂಸ್ಕರಣಾ ಘಟಕಗಳಿಗೆ ಖರ್ಚು ಹೆಚ್ಚುತ್ತಿತ್ತು, ನಿಜ. ಆದರೆ ಮಕ್ಕಳ ರಕ್ತದಲ್ಲಿ ಸೀಸ ಇಳಿಯುತ್ತಿತ್ತು. ಚಿಕಿತ್ಸೆಯ ಖರ್ಚು, ಕಲಿಕೆಗೆ ಬೇಕಾಗುತ್ತಿದ್ದ ವಿಶೇಷ ನೆರವು, ಕಾರಿನ ಸ್ಪಾರ್ಕ್ ಪ್ಲಗ್ ರಿಪೇರಿ ಕೂಡ ಉಳಿಯುತ್ತಿತ್ತು. ಎಲ್ಲ ಕೂಡಿಸಿದರೆ ಲಾಭ ಖರ್ಚಿನ ಹಲವು ಪಟ್ಟು. ಲೆಕ್ಕ ಹಾಕಿದ್ದರಿಂದಲೇ ನಿಯಮ ಇನ್ನಷ್ಟು ಬಿಗಿಯಾಯಿತು. ಹಾಗಾಗಿ ಈ ವಿಧಾನ ಉದ್ಯಮಗಳ ಪರ ಅಂತ ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಜೀವಕ್ಕೆ ಬೆಲೆ ಕಟ್ಟುತ್ತಾರೆ ಎಂಬ ಮಾತು ಕೇಳಿರುತ್ತೀರಿ. ಅಲ್ಲಿ ಅಳೆಯುವುದು ಅಪಾಯವನ್ನು. ಲಕ್ಷಕ್ಕೊಂದು ಸಾವಿನ ಅಪಾಯ ತಪ್ಪಿಸಲು ಒಂದು ಲಕ್ಷ ಜನ ತಲಾ 100 ಡಾಲರ್ ಕೊಡಲು ಒಪ್ಪಿದರೆ, ತಪ್ಪಿದ ಒಂದು ಸಾವಿನ ಲೆಕ್ಕ 1 ಕೋಟಿ ಡಾಲರ್.

ನಿಜವಾದ ಜಗಳ ಇರುವುದು ರಿಯಾಯಿತಿ ದರದಲ್ಲಿ. ಮುಂದೆ ಸಿಗುವ ಲಾಭಕ್ಕೆ ಇವತ್ತು ಕಡಿಮೆ ಬೆಲೆ ಕೊಡುವ ದರ ಇದು. ನೂರು ವರ್ಷದ ನಂತರದ 10 ಲಕ್ಷ ಡಾಲರ್ ಹಾನಿಗೆ ಶೇ 3ರ ದರದಲ್ಲಿ ಇವತ್ತಿನ ಬೆಲೆ ಸುಮಾರು 52 ಸಾವಿರ. ಶೇ 7 ಹಿಡಿದರೆ ಬರೀ 1,150ರ ಆಸುಪಾಸು! ಹಾನಿ ಅಷ್ಟೇ ಇದೆ, ಬದಲಾಗಿದ್ದು ದರ ಮಾತ್ರ ಅಲ್ವಾ? ಹವಾಮಾನದಂಥ ವಿಷಯದಲ್ಲಿ ಯಾವ ವರದಿ ಬಂದರೂ ನಾನು ಮೊದಲು ಹುಡುಕುವುದು ಈ ಸಾಲನ್ನೇ. 2006ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಸುಮಾರು ಶೇ 1.4 ಹಿಡಿದು, ಹವಾಮಾನ ಬದಲಾವಣೆ ತಡೆಯಲು ಈಗಲೇ ಜೋರಾಗಿ ಖರ್ಚು ಮಾಡಬೇಕು ಎಂದರು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಇದಕ್ಕಿಂತ ಹೆಚ್ಚಿನ ದರ ಹಿಡಿದು, ಆ ಖರ್ಚನ್ನು ನಿಧಾನವಾಗಿ ಏರಿಸೋಣ ಎಂದರು.

ಒಟ್ಟು ಲಾಭ ಹೆಚ್ಚಿದ್ದರೆ, ಗೆದ್ದವರು ಸೋತವರಿಗೆ ನಷ್ಟ ತುಂಬಿಕೊಡಲು ಸಾಧ್ಯವಾದರೆ ಸಾಕು ಎಂಬುದು ವೆಚ್ಚ-ಲಾಭ ವಿಶ್ಲೇಷಣೆಯ ತಳಪಾಯ. ತುಂಬಿಕೊಡಲೇಬೇಕು ಎಂದೇನಿಲ್ಲ. ಹೊಗೆ ಕುಡಿಯುವವರು ಯಾರು, ಲಾಭ ಯಾರಿಗೆ ಎಂಬುದನ್ನು ಒಟ್ಟು ಮೊತ್ತ ಹೇಳುವುದಿಲ್ಲ; ಅದನ್ನು ಬೇರೆಯಾಗಿಯೇ ಬರೆಸಬೇಕು.