ಲಾಲ್‌ಬಾಗ್ ಬಂಡೆಗೆ ಯಾಕೆ ಜೀವ ಬರಲಿಲ್ಲ?

ಲಾಲ್‌ಬಾಗ್‌ನ ದೊಡ್ಡ ಬಂಡೆಯನ್ನು ಬೆಂಗಳೂರಿನವರು ಒಮ್ಮೆಯಾದರೂ ಹತ್ತಿರುತ್ತಾರೆ. ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೊನ್ನೆ ಬೆಳಿಗ್ಗೆ ಅದರ ಮೇಲೆ ಕೂತು ಕೈಯಾಡಿಸುತ್ತಿದ್ದೆ. ಬೂದು ಪಟ್ಟಿಗಳ ನಡುವೆ ಬೆಣಚುಕಲ್ಲಿನ ಹರಳುಗಳು ಬಿಸಿಲಿಗೆ ಮಿನುಗುತ್ತಿದ್ದವು. ಬೆಣಚು ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ, ಅಷ್ಟೇ.

ಭೂಮಿಯ ಹೊರಪದರದ ತೂಕದಲ್ಲಿ ಶೇ. 28ರಷ್ಟು ಸಿಲಿಕಾನ್ ಇದೆ. ಇಂಗಾಲ ಶೇ. 1ರ ಹತ್ತಿರಕ್ಕೂ ಬರುವುದಿಲ್ಲ. ಮೂಲವಸ್ತುಗಳ ಪಟ್ಟಿಯಲ್ಲಿ ಸಿಲಿಕಾನ್ ಇರುವುದು ಇಂಗಾಲದ ಕೆಳಗಿನ ಮನೆಯಲ್ಲೇ. ಅದಕ್ಕೂ ಬೇರೆ ಪರಮಾಣುಗಳನ್ನು ಹಿಡಿಯಲು ನಾಲ್ಕು ಕೈ. ಆದರೂ ಬಂಡೆಗೆ ಅಂಟಿದ ಕಲ್ಲುಹೂವು, ಅದರ ಮೇಲೆ ಹರಿದಾಡುವ ಇರುವೆ, ಪಕ್ಕದಲ್ಲಿ ಕೂತು ಏದುಸಿರು ಬಿಡುವ ನಾವು, ಎಲ್ಲರೂ ಇಂಗಾಲದವರೇ. ಕಾಲ ಕೆಳಗೆ ರಾಶಿ ಬಿದ್ದ ಸಾಮಾನನ್ನು ಬಿಟ್ಟು ಜೀವ ಅಪರೂಪದ್ದನ್ನೇ ಯಾಕೆ ಆರಿಸಿಕೊಂಡಿತು?

ಉಸಿರಲ್ಲೇ ಒಂದು ಉತ್ತರ ಇದೆ. ನಾವು ಉಂಡ ಅನ್ನದ ಇಂಗಾಲ ಮೈಯೊಳಗೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಗಾಳಿ. ಸಲೀಸಾಗಿ ಹೊರಗೆ ಹೋಗುತ್ತದೆ, ನೀರಲ್ಲಿ ಕರಗುತ್ತದೆ, ಗಿಡಗಳು ಅದನ್ನು ಎಳೆದುಕೊಂಡು ಮತ್ತೆ ಅನ್ನ ಮಾಡುತ್ತವೆ. ಸಿಲಿಕಾನ್ ಉರಿದರೆ ಆಗುವುದು ಮರಳು. ಸಿಲಿಕಾನ್ ಪ್ರಾಣಿ ಒಂದೊಂದು ಉಸಿರಿಗೂ ಮರಳು ಉಗುಳಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸಿಲಿಕಾನ್ ತನ್ನವರ ಕೈ ಹಿಡಿದು ಉದ್ದದ ಸರಪಳಿ ಕಟ್ಟುವುದಕ್ಕಿಂತ ಆಮ್ಲಜನಕದ ಕೈ ಹಿಡಿಯಲು ಕಾಯುತ್ತಿರುತ್ತದೆ, ಒಮ್ಮೆ ಹಿಡಿದರೆ ಬಿಡುವುದು ಬಹಳ ಕಷ್ಟ. ನೀರು, ಗಾಳಿ ಇರುವ ಕಡೆ ಅದರ ಕತೆ ಕಲ್ಲಾಗಿ ಮುಗಿಯುತ್ತದೆ.

ಹಾಗಂತ ಜೀವಿಗಳು ಅದನ್ನು ಮುಟ್ಟಿಯೇ ಇಲ್ಲ ಅಂತಲ್ಲ. ಕಬ್ಬಿನ ಗರಿ ಕೈ ಕೊಯ್ಯುತ್ತದಲ್ಲ, ಆ ಹರಿತಕ್ಕೆ ಅಂಚಿನಲ್ಲಿರುವ ಸಿಲಿಕಾ, ಅಂದರೆ ಸಿಲಿಕಾನ್ ಆಮ್ಲಜನಕ ಸೇರಿದ ಅದೇ ಮರಳಿನ ವಸ್ತು, ಕೂಡ ಕಾರಣ. ಭತ್ತದ ಹೊಟ್ಟು ಸುಟ್ಟರೆ ಉಳಿಯುವ ಬೂದಿ ಬಹುಪಾಲು ಸಿಲಿಕಾವೇ. ಗಿಡ ಅದನ್ನು ಬೇಲಿಗೆ, ಗೋಡೆಗೆ ಬಳಸುತ್ತದೆ, ಅಡುಗೆಗೆ ಬಳಸುವುದಿಲ್ಲ. 2016ರಲ್ಲಿ ಅಮೆರಿಕದ ಫ್ರಾನ್ಸಿಸ್ ಅರ್ನಾಲ್ಡ್ ಅವರ ತಂಡ ಐಸ್‌ಲ್ಯಾಂಡ್‌ನ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದ ಒಂದು ಪ್ರೋಟೀನನ್ನು ತಿದ್ದಿ, ಇಂಗಾಲಕ್ಕೂ ಸಿಲಿಕಾನ್‌ಗೂ ಗಂಟು ಹಾಕುವುದನ್ನು ಅದಕ್ಕೆ ಕಲಿಸಿತು. ಸ್ವಲ್ಪ ತಿದ್ದಿದ್ದಕ್ಕೇ ಅದು ಕಲಿತುಬಿಟ್ಟಿತು ಅನ್ನುವುದು ನನಗೆ ಈಗಲೂ ಅಚ್ಚರಿ.

ಆದರೆ ನನಗೆ ಜಾಸ್ತಿ ಆಸೆ ಇರುವುದು ಸಿಲಿಕಾನ್ ಮೇಲಲ್ಲ. ಇಂಗಾಲ ಇಂಗಾಲವೇ ಇರಲಿ, ನೀರಿನ ಜಾಗದಲ್ಲಿ ಬೇರೆ ದ್ರವ ಇದ್ದರೆ? ಶುಕ್ರನ ಮೋಡಗಳಲ್ಲಿ ಗಂಧಕಾಮ್ಲ ಇದೆ. ಅದಕ್ಕಿಂತ ವಿಚಿತ್ರ ಶನಿಯ ಚಂದ್ರ ಟೈಟನ್. ಅಲ್ಲಿ ಮೈನಸ್ 179 ಡಿಗ್ರಿ ಚಳಿ. ನಮ್ಮಲ್ಲಿ ಪೈಪ್ ಗ್ಯಾಸ್ ಇರುವ ಮನೆಗಳ ಒಲೆಯಲ್ಲಿ ಉರಿಯುತ್ತದಲ್ಲ, ಆ ಮೀಥೇನ್ ಅಲ್ಲಿ ಮಳೆಯಾಗಿ ಸುರಿದು ಹೊಳೆಯಾಗಿ ಹರಿದು ಕೆರೆ ತುಂಬುತ್ತದೆ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಇಳಿದು ಕಳಿಸಿದ ಫೋಟೊದಲ್ಲಿ ಹೊಳೆದಂಡೆಯ ಹಾಗೆ ನುಣ್ಣನೆ ಉಂಡೆಕಲ್ಲುಗಳಿವೆ. ಕಲ್ಲಲ್ಲ ಅವು, ನೀರಿನ ಮಂಜುಗಡ್ಡೆ. ಅಲ್ಲಿ ನೀರೇ ಬಂಡೆ.

ಆ ಚಳಿಯಲ್ಲಿ ಜೀವ ನಡೆಯಬಹುದಾ? ದೋಸೆ ಹಿಟ್ಟನ್ನು ನೆನೆಸಿಕೊಳ್ಳಿ. ಏಪ್ರಿಲ್‌ನಲ್ಲಿ ಬೆಳಗಾಗುವುದರೊಳಗೆ ಪಾತ್ರೆ ಮೀರಿ ಉಕ್ಕುವ ಹಿಟ್ಟು ಡಿಸೆಂಬರ್‌ನಲ್ಲಿ ಹಾಕಿದಲ್ಲೇ ಸುಮ್ನೆ ಕೂತಿರುತ್ತದೆ. ಹತ್ತು ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಮ್ಮಿ ಅರ್ಧ ಆಗುತ್ತದೆ ಅನ್ನುವುದು ಒಂದು ಒರಟು ಲೆಕ್ಕ. ನಮ್ಮ ಅಡುಗೆಮನೆಯ 25 ಡಿಗ್ರಿಯಿಂದ ಟೈಟನ್‌ವರೆಗೆ ಇಳಿದರೆ ಇಪ್ಪತ್ತು ಸಲ ಅರ್ಧ. ಅಂದರೆ ಹತ್ತು ಲಕ್ಷ ಪಟ್ಟು ನಿಧಾನ. ಎಂಟು ಗಂಟೆಯ ಕೆಲಸಕ್ಕೆ 900 ವರ್ಷ ದಾಟುತ್ತದೆ! 1117ರಲ್ಲಿ ಬೇಲೂರಿನ ದೇವಸ್ಥಾನ ಕಟ್ಟಿದಾಗ ರುಬ್ಬಿಟ್ಟ ಹಿಟ್ಟು ಈಗ ಉಬ್ಬುತ್ತಿರುತ್ತಿತ್ತು. ನಿಜದಲ್ಲಿ ಇನ್ನೂ ನಿಧಾನವೇ. ಆದರೆ ಇದು ನಮ್ಮ ಹಿಟ್ಟಿನ ಲೆಕ್ಕ. ಇಲ್ಲಿ ಹುಟ್ಟಿದ ಕ್ಷಣವೇ ಮುರಿದುಹೋಗುವ ಸಡಿಲ ಗಂಟುಗಳು ಅಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಅಲ್ಲಿನ ಜೀವ ಅಂಥ ಗಂಟುಗಳಿಂದಲೇ ಕಟ್ಟಿಕೊಂಡಿದ್ದರೆ ಅದಕ್ಕೆ ಆ ಚಳಿಯೇ ಹದ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮೀಥೇನ್‌ನಲ್ಲಿ ಜೀವಕೋಶಕ್ಕೆ ಹೊದಿಕೆ ಆಗಬಲ್ಲ ವಸ್ತು ಯಾವುದು ಅಂತ ಕಂಪ್ಯೂಟರ್‌ನಲ್ಲಿ ಹುಡುಕಿದರು. ಅಕ್ರಿಲೋನೈಟ್ರೈಲ್ ಅಂತ ಉತ್ತರ ಬಂತು. ಎರಡು ವರ್ಷದ ನಂತರ ಅದೇ ವಸ್ತು ಟೈಟನ್ ಗಾಳಿಯಲ್ಲಿ ಇರುವುದನ್ನು ಚಿಲಿಯ ಅಲ್ಮಾ ದೂರದರ್ಶಕ ಖಚಿತಪಡಿಸಿತು. ಹೊದಿಕೆ ನಿಜಕ್ಕೂ ಆಗುತ್ತದೆಯೇ, ಅದು ಬೇರೆ ಪ್ರಶ್ನೆ.

ಇಂಥ ಜೀವ ಎದುರಿಗೇ ಇದ್ದರೂ ಗುರುತು ಹಿಡಿಯುವುದು ಹೇಗೆ ಅನ್ನುವುದೇ ನನ್ನ ಚಿಂತೆ. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳನ ಮಣ್ಣಿಗೆ ನಮ್ಮ ಸೂಕ್ಷ್ಮಜೀವಿಗಳು ತಿನ್ನುವಂಥ ಆಹಾರವನ್ನೇ ಹಾಕಿ, ಗ್ಯಾಸ್ ಬರುತ್ತದಾ ಅಂತ ನೋಡಿದವು. ಗ್ಯಾಸ್ ಬಂತು, ಆದರೆ ಅದು ಮಣ್ಣಿನ ರಸಾಯನವೇ ಅಂತ ಬಹಳ ಜನ ವಿಜ್ಞಾನಿಗಳು ತೀರ್ಮಾನಿಸಿದರು. ಗುರುತೇ ಇಲ್ಲದ ನೆಂಟರಿಗೆ ನಮ್ಮ ಊಟ ಬಡಿಸಿ, ಉಂಡರೆ ಮಾತ್ರ ಮನುಷ್ಯರು ಅಂದುಕೊಂಡ ಹಾಗೆ ಅಲ್ವಾ ಇದು?

ಬಡಿಸುವ ಬದಲು ಅಚ್ಚುಕಟ್ಟು ಹುಡುಕಬೇಕು. ಮನೆ ಮುಂದೆ ಚುಕ್ಕಿ ರಂಗೋಲಿ ಕಂಡರೆ, ಹಾಕಿದವರನ್ನು ನೋಡದಿದ್ದರೂ ಯಾರೋ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ. ಚೆಲ್ಲಿದ ಪುಡಿ ಹಾಗೆ ಕೂರುವುದಿಲ್ಲ. ನಮ್ಮ ಅಡುಗೆ ಎಣ್ಣೆಯಲ್ಲೂ ಅಂಥ ರಂಗೋಲಿ ಇದೆ: ಕೊಬ್ಬರಿ ಎಣ್ಣೆಯಲ್ಲಿ 12 ಇಂಗಾಲದ ಸರಪಳಿ ಜಾಸ್ತಿ, ಕಡಲೆಕಾಯಿ ಎಣ್ಣೆಯಲ್ಲಿ 16, 18. ಬಹುಪಾಲು ಎಲ್ಲವೂ ಸರಿಸಂಖ್ಯೆ, ಯಾಕಂದರೆ ಜೀವಕೋಶ ಅದನ್ನು ಎರಡೆರಡಾಗಿ ಪೋಣಿಸುತ್ತದೆ. ಜೀವವಿಲ್ಲದ ರಸಾಯನಕ್ಕೆ ಸರಿ, ಬೆಸ ಎರಡೂ ಒಂದೇ.

ನಾಸಾದ ಡ್ರ್ಯಾಗನ್‌ಫ್ಲೈ 2028ರಲ್ಲಿ ಹೊರಟು 2034ರಲ್ಲಿ ಟೈಟನ್ ತಲುಪುವ ಯೋಜನೆ ಇದೆ. ಎಂಟು ರೆಕ್ಕೆಚಕ್ರಗಳ ಡ್ರೋನ್ ಅದು. ಜಾಗದಿಂದ ಜಾಗಕ್ಕೆ ಹಾರಿ, ನೆಲ ಕೊರೆದು, ಸಿಕ್ಕಿದ ಪುಡಿಯಲ್ಲಿ ಯಾವ ಅಣು ಎಷ್ಟಿದೆ ಅಂತ ತೂಗಿ ನೋಡುತ್ತದೆ. ಆ ಪಟ್ಟಿ ಬಂದ ದಿನ ನಾನು ಮೊದಲು ಹುಡುಕುವುದು, ಅದರಲ್ಲಿ ಯಾವುದಾದರೂ ಒಂದು ಅಣು ಮಿಕ್ಕಿದ್ದಕ್ಕಿಂತ ಅನುಮಾನ ಬರುವಷ್ಟು ಜಾಸ್ತಿ ಇದೆಯಾ ಅಂತ.