ಮರದಲ್ಲಿ ಮುಂದಿನ ಕೊಂಬೆ ಹುಡುಕುವ ಫಂಕ್ಷನ್

ಸಿ ಭಾಷೆಯ ಪ್ರೋಗ್ರಾಂ ಕಂಪೈಲ್ ಆಗಿ ಯಂತ್ರಭಾಷೆಗೆ ಇಳಿದರೆ ಅದರ ಆದೇಶಗಳಲ್ಲಿ ಒಳಗಿನ ವೇರಿಯಬಲ್‌ಗಳ ಹೆಸರಾಗಲಿ, ಸಾಲಿನ ಸಂಖ್ಯೆಯಾಗಲಿ ಉಳಿಯುವುದಿಲ್ಲ. ಆದರೂ ಪ್ರೋಗ್ರಾಂ ಅರ್ಧಕ್ಕೇ ನಿಂತಾಗ ಡೀಬಗರ್ (ತಪ್ಪು ಹುಡುಕಲು ನೆರವಾಗುವ ಸಾಧನ) ಸಾಲನ್ನೂ ತೋರಿಸುತ್ತದೆ, ವೇರಿಯಬಲ್ಲಿನ ಬೆಲೆಯನ್ನೂ ಹೇಳುತ್ತದೆ. ಕಂಪೈಲರ್‌ಗೆ ‘-ಜಿ’ ಆಯ್ಕೆ ಕೊಟ್ಟಿದ್ದರೆ ಅದು ಈ ವಿವರಗಳನ್ನು ಫೈಲಿನ ಬೇರೆ ಭಾಗದಲ್ಲಿ ಬರೆದಿಟ್ಟಿರುತ್ತದೆ. ಲಿನಕ್ಸ್‌ನಲ್ಲಿ ಆ ಬರವಣಿಗೆಯ ಕ್ರಮಕ್ಕೆ ಡ್ವಾರ್ಫ್ ಎಂದು ಹೆಸರು. 1980ರ ದಶಕದ ಕೊನೆಯಲ್ಲಿ ಯುನಿಕ್ಸ್‌ಗಾಗಿ ಹುಟ್ಟಿದ ಇದರ ಐದನೇ ಆವೃತ್ತಿ 2017ರಲ್ಲಿ ಬಂತು.

ಇದನ್ನು ಓದುವ ಲೈಬ್ರರಿ ಲಿಬ್‌ಡ್ವಾರ್ಫ್. ಅದರಲ್ಲಿ ನನಗೆ ಅಚ್ಚುಮೆಚ್ಚಿನದು ‘ಡ್ವಾರ್ಫ್_ಸಿಬ್ಲಿಂಗ್‌ಆಫ್’ ಎಂಬ ಫಂಕ್ಷನ್. ಈಚಿನ ಆವೃತ್ತಿಗಳಲ್ಲಿ ಹೆಸರಿಗೊಂದು ಬಾಲವೂ ಸೇರಿಕೊಂಡಿದೆ. ಡ್ವಾರ್ಫ್ ಮಾಹಿತಿ ಒಂದು ಮರ. ಬುಡದಲ್ಲಿ ಸೋರ್ಸ್ ಫೈಲ್, ಅದರ ಮಕ್ಕಳು ಫಂಕ್ಷನ್‌ಗಳು, ಅವುಗಳ ಮಕ್ಕಳು ಪ್ಯಾರಾಮೀಟರ್ ಮತ್ತು ವೇರಿಯಬಲ್‌ಗಳು. ಇವುಗಳಲ್ಲಿ ಒಂದರ ದಾಖಲೆಯನ್ನು ಕೈಗಿತ್ತರೆ ಅದೇ ಹಂತದ ಮುಂದಿನ ದಾಖಲೆಯನ್ನು ತಂದುಕೊಡುವುದಷ್ಟೇ ಇದರ ಕೆಲಸ.

ಫೈಲಿನಲ್ಲಿ ಮರ ಎಲ್ಲಿರುತ್ತದೆ! ಇರುವುದು ಬೈಟುಗಳ ಉದ್ದನೆಯ ಸಾಲು. ಎರಡು ಪ್ಯಾರಾಮೀಟರ್ ಇರುವ ಒಂದು ಫಂಕ್ಷನ್ನನ್ನು ತೆಗೆದುಕೊಳ್ಳಿ. ಮೊದಲು ಫಂಕ್ಷನ್ನಿನ ದಾಖಲೆ, ಅದಕ್ಕಂಟಿಕೊಂಡೇ ಎರಡು ಪ್ಯಾರಾಮೀಟರ್‌ಗಳು, ಆಮೇಲೆ ಬರೀ ಸೊನ್ನೆ ತುಂಬಿದ ಒಂದು ಬೈಟು. ಮಕ್ಕಳು ಮುಗಿದರು ಎಂಬುದಕ್ಕೆ ಆ ಸೊನ್ನೆಯೇ ಗುರುತು. ಮುಂದಿನ ಫಂಕ್ಷನ್ ಶುರುವಾಗುವುದು ಅದರ ನಂತರ.

ದಾಖಲೆಯ ಮೇಲೆ ಅದರ ಉದ್ದ ಬರೆದಿರುವುದಿಲ್ಲ. ಆರಂಭದಲ್ಲೊಂದು ಸಂಕೇತಸಂಖ್ಯೆ ಇರುತ್ತದೆ, 128ಕ್ಕಿಂತ ಚಿಕ್ಕದಾದರೆ ಅದಕ್ಕೆ ಒಂದೇ ಬೈಟು ಸಾಕು. ಆ ಸಂಖ್ಯೆಯನ್ನು ಹಿಡಿದು ಇನ್ನೊಂದು ಪಟ್ಟಿಯಲ್ಲಿ ಹುಡುಕಿದರೆ ದಾಖಲೆಯಲ್ಲಿ ಏನೇನಿದೆ, ಯಾವ ರೂಪದಲ್ಲಿದೆ, ಅದಕ್ಕೆ ಮಕ್ಕಳುಂಟೇ ಎಂದು ತಿಳಿಯುತ್ತದೆ. ಆದ್ದರಿಂದ ಮುಂದಿನ ಫಂಕ್ಷನ್ನಿಗೆ ಹೋಗಲು ಈಗಿನದರ ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಒಂದೊಂದಾಗಿ ದಾಟಬೇಕು. ಮಕ್ಕಳುಳ್ಳ ದಾಖಲೆ ಸಿಕ್ಕಾಗಲೆಲ್ಲ ಆಳ ಒಂದು ಹೆಚ್ಚುತ್ತದೆ, ಸೊನ್ನೆ ಸಿಕ್ಕಾಗ ಒಂದು ಇಳಿಯುತ್ತದೆ. ಕೆಲವು ಕಂಪೈಲರ್‌ಗಳು ಮುಂದಿನ ದಾಖಲೆ ಎಲ್ಲಿದೆ ಎಂಬುದನ್ನೂ ಬರೆದಿಡುತ್ತವೆ, ಆಗ ನೇರವಾಗಿ ಜಿಗಿಯಬಹುದು. ಅದು ಕಡ್ಡಾಯವಲ್ಲ.

ಫಂಕ್ಷನ್ ಕೊಡುವ ಉತ್ತರಗಳು ಮೂರು: ಸಿಕ್ಕಿತು ಎಂದರೆ 0, ಮುಂದೆ ಯಾವುದೂ ಇಲ್ಲ ಎಂದರೆ -1, ಓದುವಾಗ ದೋಷ ಕಂಡಿತು ಎಂದರೆ 1. ಕೊನೆಯ ಎರಡನ್ನು ಬೇರೆಬೇರೆ ಇಟ್ಟದ್ದನ್ನು ನಾನು ಬಹಳ ಮೆಚ್ಚುತ್ತೇನೆ. ‘0 ಬರುತ್ತಿರುವಷ್ಟು ಕಾಲ ಮುಂದೆ ಹೋಗು’ ಎಂದು ಲೂಪ್ ಬರೆದು, ಅದು ನಿಂತದ್ದೇಕೆ ಎಂದು ನೋಡದೆ ಬಿಟ್ಟರೆ, ಕೆಟ್ಟ ಫೈಲಿನ ಅರ್ಧ ಪಟ್ಟಿಯೇ ಪೂರ್ತಿ ಪಟ್ಟಿಯಂತೆ ಕಾಣುತ್ತದೆ. ಇರುವ ವೇರಿಯಬಲ್ ಇಲ್ಲವೆಂದೇ ನಾವು ನಂಬಿಬಿಡುತ್ತೇವೆ.

ಲೈಬ್ರರಿ ಬದಲಿಸುವವರು ಇನ್ನೂ ಎಚ್ಚರವಾಗಿರಬೇಕು. ಎಲ್ಫ್‌ಯುಟಿಲ್ಸ್ ಎಂಬ ಸಾಧನಗಳ ಕಟ್ಟಿನಲ್ಲಿರುವ ಲಿಬ್‌ಡಿಡಬ್ಲ್ಯೂ ಲೈಬ್ರರಿಯಲ್ಲೂ ಇದೇ ಹೆಸರಿನ, ಇದೇ ಕೆಲಸದ ಫಂಕ್ಷನ್ ಇದೆ. ಅಲ್ಲಿ ಮುಂದೆ ಯಾವುದೂ ಇಲ್ಲ ಎನ್ನುವುದಕ್ಕೆ 1, ದೋಷಕ್ಕೆ -1.